ವೇಗಕ್ಕೊಂದು ಮಿತಿ

ನಮ್ಮ ಹೆದ್ದಾರಿಗಳ ಪಕ್ಕದಲ್ಲಿ ಅಲ್ಲಲ್ಲಿ, ಕೆಂಪು ಬಳೆಯೊಳಗೆ ಒಂದು ಅಂಕೆಯನ್ನು ಬರೆದ ದುಂಡನೆಯ ಫಲಕಗಳು ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ. ಮೈಸೂರಿನಿಂದ ನಂಜನಗೂಡು, ಬೇಗೂರುಗಳನ್ನು ದಾಟಿ ಗುಂಡ್ಲುಪೇಟೆಯ ಕಡೆಗೆ ಹೋಗುವವರಿಗೆ ಅವು ಹೊಸವಲ್ಲ. ಓದು ಬರಹ ಬಲ್ಲವರೆಲ್ಲ ಆ ಅಂಕೆಯನ್ನು ಓದಬಲ್ಲರು. ಆದರೆ ಅದರ ಅರ್ಥವೇನೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತೃಪ್ತಿಕರವಾದ ಉತ್ತರವನ್ನು ಕೊಟ್ಟೇವು? ಅದು ಸರ್ಕಾರದ ಅಪ್ಪಣೆ, ಪೊಲೀಸಿನವನು ಕಣ್ಣಿಗೆ ಬಿದ್ದಾಗ ಪಾಲಿಸತಕ್ಕದ್ದು ಎಂದು ಕೆಲವರು ತಿಳಿದಿರುತ್ತಾರೆ. ಅದು ಹಳೆಯ ಗಾಡಿಗಳಿಗೂ ಕೈಪಳಗದ ಚಾಲಕರಿಗೂ ಹೇಳಿದ ಮಾತು, ನಮಗಲ್ಲ ಎಂದು ಮತ್ತೆ ಕೆಲವರು ತಿಳಿದಿರುತ್ತಾರೆ. ಈ ಎರಡು ತಿಳಿವಳಿಕೆಗಳೂ ಸಾಲವೆಂಬುದನ್ನೂ, ಮಿತಿಯನ್ನು ನಾವಾಗಿಯೇ ಪಾಲಿಸದಿದ್ದರೆ ಅದರ ಸ್ಥಾನದಲ್ಲಿ ಎಂಥ ಕಠಿಣವಾದ ವ್ಯವಸ್ಥೆ ಬರುವುದೆಂಬುದನ್ನೂ ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಈ ಮಿತಿ ಹುಟ್ಟಿದ ಬಗೆಯನ್ನು ನೋಡಬಹುದು. ಇಂಗ್ಲೆಂಡಿನಲ್ಲಿ 1865ರಲ್ಲಿ ಆದ ಒಂದು ಕಾನೂನು, ಹಬೆಯಿಂದ ನಡೆಯುವ ಬಂಡಿಗಳು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿಗಿಂತಲೂ ಪಟ್ಟಣದಲ್ಲಿ 2 ಮೈಲಿಗಿಂತಲೂ ಬೇಗ ಹೋಗಕೂಡದೆಂದು ವಿಧಿಸಿತು. ಬಂಡಿಯ ಮುಂದೆ ಕೆಂಪು ಬಾವುಟ ಹಿಡಿದ ಆಳೊಬ್ಬನು ನಡೆಯಬೇಕೆಂದೂ ವಿಧಿಸಿತು. ಅದನ್ನು ಓದಿ ನಾವು ನಗುತ್ತೇವೆ. 1896ರಲ್ಲಿ ಆ ಮಿತಿಯನ್ನು 14 ಮೈಲಿಗೂ 1903ರಲ್ಲಿ 20 ಮೈಲಿಗೂ ಏರಿಸಿದರು. 1930ರಲ್ಲಿ, ಸಮರ್ಥನಾದ ಚಾಲಕನಿಗೆ ಅಂಕೆಯ ಹಂಗೇಕೆ ಎಂದು ಮೋಟಾರು ಕಾರುಗಳ ಮಿತಿಯನ್ನೇ ತೆಗೆದುಹಾಕಿದರು. ಆದರೆ ಐದು ವರ್ಷ ತುಂಬುವುದರೊಳಗೆ ಅದೇ ಜನ, ಮನೆಮಠಗಳಿರುವ ಪ್ರದೇಶಗಳಲ್ಲಿ 30 ಮೈಲಿಯ ಮಿತಿಯನ್ನು ಮತ್ತೆ ತಂದರು. 1935ರ ಮಾರ್ಚಿಯಲ್ಲಿ ಅದು ಜಾರಿಗೆ ಬಂದಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೊದಲನೆಯ ಮಿತಿಯನ್ನು ಹುಟ್ಟಿಸಿದುದು ಯಂತ್ರದ ಭಯ. 1935ರ ಮಿತಿಯನ್ನು ಹುಟ್ಟಿಸಿದುದು ಮನುಷ್ಯನ ಪರಿಚಯ. ಯಂತ್ರ ಸುಧಾರಿಸಿದಂತೆಲ್ಲ ಮೊದಲಿನದು ಅನಾವಶ್ಯಕವಾಯಿತು. ಮನುಷ್ಯನ ಕಣ್ಣೂ ಕೈಯೂ ಹಿಂದೆ ಇದ್ದಂತೆಯೇ ಇರುವುದರಿಂದ ಎರಡನೆಯದು ಇಂದಿಗೂ ಬೇಕಾಗಿದೆ.

ಕಣ್ಣು ಕೈಗಳ ಈ ಮಾತನ್ನು ಲೆಕ್ಕದಿಂದ ತೋರಿಸುವುದು ಸುಲಭ. ಎದುರಿಗೆ ಒಂದು ಮಗುವೋ ಕರುವೋ ಅಡ್ಡ ಬಂದಿತೆನ್ನಿ. ಅದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಇಳಿಯುವುದಕ್ಕೆ ಚುರುಕಾದ ಚಾಲಕನಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಗಾಡಿ ತನ್ನ ಪೂರ್ಣವೇಗದಿಂದಲೇ ಓಡುತ್ತಿರುತ್ತದೆ. ಗಂಟೆಗೆ 40 ಕಿಲೋಮೀಟರಿನಂತೆ ಹೋಗುವ ಕಾರು ಆಗ 11 ಮೀಟರು ಸಾಗಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲುವುದಕ್ಕೆ ಮತ್ತೆ 9 ಮೀಟರು ಬೇಕು. ಒಟ್ಟು 20 ಮೀಟರು. ಅದೇ ಕಾರು 60ರ ವೇಗದಲ್ಲಿದ್ದರೆ ಸುಮಾರು 36 ಮೀಟರೂ 80ರ ವೇಗದಲ್ಲಿದ್ದರೆ ಸುಮಾರು 57 ಮೀಟರೂ ಬೇಕು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಯಾಗುವುದಿಲ್ಲ, ಹೆಚ್ಚು ಕಡಮೆ ಮುಮ್ಮಡಿಯಾಗುತ್ತದೆ. ಮಳೆ ಬಿದ್ದ ರಸ್ತೆಗೂ ಹೊರೆ ಹೊತ್ತ ಲಾರಿಗೂ ಇದಕ್ಕಿಂತ ಹೆಚ್ಚು ಜಾಗ ಬೇಕೆಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ರೀತಿಯಿಂದಲೂ ನೋಡೋಣ. ಎರಡು ಕಾರುಗಳು ಜೊತೆಜೊತೆಯಾಗಿ ಬರುತ್ತಿವೆ. ಒಂದರ ವೇಗ 40, ಇನ್ನೊಂದರದು 60. ಸರಿಯಾಗಿ 20 ಮೀಟರು ಮುಂದೆ ಮಗುವೊಂದು ಅಡ್ಡ ಬರುತ್ತದೆ. ಇಬ್ಬರು ಚಾಲಕರೂ ಸಮಾನವಾಗಿ ಚುರುಕಾದವರು. ಮೊದಲನೆಯ ಕಾರು ಮಗುವಿನ ಮುಂದೆಯೇ ನಿಂತುಬಿಡುತ್ತದೆ. ಎರಡನೆಯದು ಅದೇ ಸ್ಥಳಕ್ಕೆ ಬಂದಾಗ ಅದರ ವೇಗ ಎಷ್ಟಿರಬಹುದು? ಇಪ್ಪತ್ತೋ ಮುವ್ವತ್ತೋ ಎಂದು ನಾವು ಊಹಿಸುತ್ತೇವೆ. ಲೆಕ್ಕ ಮಾಡಿದರೆ ಅದು ಸುಮಾರು 55! ಏಕೆಂದರೆ ಅದರ 20 ಮೀಟರುಗಳಲ್ಲಿ ಹೆಚ್ಚುಕಡಮೆ 17 ಮೀಟರು ಚಾಲಕನ ಎಚ್ಚರಿಕೆಗೇ ವೆಚ್ಚವಾಗಿಹೋಯಿತು. ಬ್ರೇಕಿಗೆ ಉಳಿದುದು ಮೂರೇ ಮೀಟರು. ಒಂದು ಕಡೆ ಏನೂ ಆಗಲಿಲ್ಲ. ಇನ್ನೊಂದು ಕಡೆ ಒಂದು ಮನೆಯ ಬೆಳಕು ಆರಿತು. ನಡುವಣ ವ್ಯತ್ಯಾಸ ಚಾಲಕನ ಜಾಣತನದ್ದಲ್ಲ, ಗಾಡಿಯ ಬೆಲೆಯದೂ ಅಲ್ಲ. ಫಲಕದ ಮೇಲಣ ಅಂಕೆಯದು.

ಪೆಟ್ಟಿನ ಬಲವೂ ಹೀಗೆಯೇ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 40ರ ವೇಗದಲ್ಲಿ ಗೋಡೆಗೆ ಹಾಯುವುದೂ 6 ಮೀಟರಿಗಿಂತ ಸ್ವಲ್ಪ ಹೆಚ್ಚಿನ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. 60ರ ವೇಗವಾದರೆ ಆ ಎತ್ತರ 14 ಮೀಟರು. 80ರ ವೇಗವಾದರೆ 25 ಮೀಟರು, ಎಂದರೆ ಬಹಳ ಎತ್ತರವಾದ ತೆಂಗಿನ ಮರದ ತುದಿ. ತೆಂಗಿನ ಮರ ಹತ್ತುವವನು ಹೆಜ್ಜೆಹೆಜ್ಜೆಗೂ ಎಷ್ಟು ಎಚ್ಚರದಿಂದಿರುತ್ತಾನೆ! ಅದೇ ಎತ್ತರದ ಅಪಾಯವನ್ನು ನಾವು ಮೆತ್ತನೆಯ ಆಸನದಲ್ಲಿ ಕುಳಿತು, ಸಂಗೀತ ಕೇಳುತ್ತ, ಅರಿವೇ ಇಲ್ಲದೆ ಹೊತ್ತುಕೊಂಡು ಹೋಗುತ್ತೇವೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದಲೇ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರದ ವರದಿಯ ಪ್ರಕಾರ ಇವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನ ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿದವು.

ಇಷ್ಟು ಅಪಾಯವನ್ನು ಹೊತ್ತು ನಾವು ಗಳಿಸುವುದಾದರೂ ಏನು? ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಇರುವ ದಾರಿಯನ್ನು ಸುಮಾರು 35 ಕಿಲೋಮೀಟರೆಂದು ಇಟ್ಟುಕೊಳ್ಳೋಣ. 20ರ ವೇಗವನ್ನು 40ಕ್ಕೆ ಏರಿಸಿದರೆ 52 ನಿಮಿಷ ಉಳಿಯುತ್ತದೆ. ಇದು ನಿಜವಾದ ಲಾಭ. 40ರಿಂದ 60ಕ್ಕೆ ಏರಿಸಿದರೆ 17 ನಿಮಿಷ. 60ರಿಂದ 80ಕ್ಕೆ ಏರಿಸಿದರೆ 9 ನಿಮಿಷ. 80ರಿಂದ 100ಕ್ಕೆ ಏರಿಸಿದರೆ ಬರಿಯ 5 ನಿಮಿಷ. ಹೀಗೆ ಲಾಭ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿರುವಾಗ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಯಾವ ವ್ಯಾಪಾರಿಯೂ ಇಂಥ ವ್ಯಾಪಾರಕ್ಕೆ ಕೈಹಾಕಲಾರನು. ಅದೂ ಅಲ್ಲದೆ, ಈ ಲೆಕ್ಕ ದಾರಿಯುದ್ದಕ್ಕೂ ಒಂದೇ ವೇಗದಿಂದ ಹೋದರೆ ಮಾತ್ರ ಸಲ್ಲುವುದು. ನಡುವೆ ಊರುಗಳೂ ತಿರುವುಗಳೂ ಇರುವ ದಾರಿಯಲ್ಲಿ ಆ ಐದು ನಿಮಿಷವೂ ಕೈಗೆ ಸಿಕ್ಕುವುದಿಲ್ಲ.

ಆ ದಾರಿ ಯಾರದೆಂಬುದನ್ನೂ ನೆನೆಯಬೇಕು. ಸುಗ್ಗಿಯ ಕಾಲದಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಸಂಚಾರ ಮಾಡಿದವರು, ರೈತರು ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆಯೇ ಹರಡಿ, ಹಾದುಹೋಗುವ ಚಕ್ರಗಳಿಂದ ಒಕ್ಕಣೆ ಮಾಡಿಸುವುದನ್ನು ಕಂಡಿರುತ್ತಾರೆ. ಹುರುಳಿಯ ಸೊಪ್ಪಿನ ಮೇಲೆ ಚಕ್ರ ಜಾರುವುದುಂಟು. ದ್ವಿಚಕ್ರ ವಾಹನದವರು ಬಿದ್ದು ಪೆಟ್ಟು ತಿನ್ನುವುದುಂಟು. ರಸ್ತೆಯಲ್ಲಿ ಒಕ್ಕಣೆ ಕೂಡದೆಂದು ಅಧಿಕಾರಿಗಳು ಎಚ್ಚರಿಸುತ್ತಲೇ ಇರುತ್ತಾರೆ, ಅದು ಸರಿಯಾದ ಎಚ್ಚರಿಕೆ. ಆದರೆ ಕಣಗಳು ಕಡಮೆಯಾಗಿ, ಆಳುಕಾಳು ದೊರೆಯದೆ ರೈತನು ಹಾಗೆ ಮಾಡುತ್ತಾನೆಂಬುದು ಗೊತ್ತಿದ್ದಮೇಲೆ, ಸೊಪ್ಪಿನ ರಾಶಿ ಮುಂದಿನ ತಿರುವಿನಲ್ಲಿ ಇರಬಹುದೆಂದು ಎಣಿಸಿ ನಡೆಯುವುದು ವಾಹನದವನ ಕರ್ತವ್ಯವಾಗುತ್ತದೆ. ಎತ್ತಿನ ಗಾಡಿ, ಕುರಿಯ ಹಿಂಡು, ಶಾಲೆ ಬಿಟ್ಟ ಮಕ್ಕಳು, ಸಂತೆಯಿಂದ ಮರಳುವ ಮುದುಕಿ, ಇವರೆಲ್ಲರೂ ಆ ದಾರಿಗೆ ನಮ್ಮಷ್ಟೇ ಹಕ್ಕುದಾರರು. ವೇಗಮಿತಿಯೆಂಬುದು ಗಾಡಿ ಎಷ್ಟು ಬೇಗ ಓಡಬಲ್ಲುದೆಂಬುದರ ಅಳತೆಯಲ್ಲ. ಆ ದಾರಿಯಲ್ಲಿರುವ ಅತ್ಯಂತ ದುರ್ಬಲನಾದವನು ಎಷ್ಟನ್ನು ಸಹಿಸಬಲ್ಲನು, ನಮ್ಮ ಕಣ್ಣು ಎಷ್ಟು ದೂರ ಕಾಣಬಲ್ಲುದು ಎಂಬುದರ ಅಳತೆ. ನಮ್ಮ ಕಣ್ಣಿಗೆ ಇನ್ನೂ ಬೀಳದಿರುವ ಒಬ್ಬನಿಗೆ ನಾವು ಮುಂಗಡವಾಗಿ ಕೊಟ್ಟ ಮಾತು ಅದು.

ಆ ಮಾತನ್ನು ನಾವು ಉಳಿಸಿಕೊಳ್ಳದಿದ್ದರೆ ಏನಾಗುವುದು? ಇದಕ್ಕೆ ಗುಂಡ್ಲುಪೇಟೆಯ ದಕ್ಷಿಣಕ್ಕಿರುವ ಅಡವಿಯೇ ಉತ್ತರ ಹೇಳುತ್ತದೆ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು, ಮೂಲೆಹೊಳೆಗಳ ಮೇಲೆ ಸುಲ್ತಾನ್ ಬತ್ತೇರಿಗೂ ಕೋಳಿಕ್ಕೋಡಿಗೂ ಹೋಗುತ್ತದೆ. ಇನ್ನೊಂದು ಬಂಡೀಪುರದ ಮೇಲೆ ಗೂಡಲೂರಿಗೂ ಉದಕಮಂಡಲಕ್ಕೂ ಹೋಗುತ್ತದೆ. ಎರಡೂ ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುವ ದಾರಿಗಳು. ಈ ಕಾಡು, 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ಆರಿಸಿದ ಒಂಬತ್ತು ಅಡವಿಗಳಲ್ಲಿ ಒಂದು. ಇಲ್ಲಿ ದಾರಿ ದಾಟುವ ಜಿಂಕೆಗೆ ಫಲಕ ಓದಲು ಬಾರದು. ರಾತ್ರಿಯ ಹೊತ್ತು ದೀಪದ ಪ್ರಖರತೆಗೆ ಕಣ್ಣು ಕೋರೈಸಿ, ಓಡುವುದನ್ನೂ ಮರೆತು, ಅದು ಇದ್ದಲ್ಲಿಯೇ ನಿಂತುಬಿಡುವುದುಂಟು. ತಗ್ಗಿಸಿದ ದೀಪದಲ್ಲಿ ಅದು 30 ಮೀಟರು ದೂರದಲ್ಲಿ ಕಣ್ಣಿಗೆ ಬಿದ್ದಿತೆಂದರೆ, 40ರ ವೇಗದವನು ಅದನ್ನು ಉಳಿಸಬಲ್ಲನು, 60ರ ವೇಗದವನು ಮನಸ್ಸಿದ್ದರೂ ಉಳಿಸಲಾರನು. ಎದುರಿಗೆ ಬಂದುದು ಜಿಂಕೆಯಾಗದೆ ಆನೆಯಾದರೆ ತನ್ನನ್ನೇ ಉಳಿಸಿಕೊಳ್ಳಲಾರನು.

ಕಾಡಿನ ದಾರಿಯಲ್ಲಿ ಮೆಲ್ಲಗೆ ಹೋಗಿರೆಂಬ ಬಿನ್ನಹವಿದ್ದಿತು, ಫಲಕಗಳಿದ್ದುವು; ವೇಗ ತಗ್ಗಿಸಲು ಅಡ್ಡಲಾಗಿ ಉಬ್ಬುಗಳನ್ನೂ ಹಾಕಿದರು. ಆದರೂ ಪ್ರಾಣಿಗಳು ಚಕ್ರಗಳಿಗೆ ಸಿಕ್ಕಿ ಸಾಯುವುದು ನಿಲ್ಲಲಿಲ್ಲ. ಕೊನೆಗೆ 2009ರ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು, ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಈ ದಾರಿಗಳಲ್ಲಿ ವಾಹನ ಸಂಚಾರವನ್ನೇ ನಿಷೇಧಿಸಿದರು. ಆ ಆಜ್ಞೆ ಕೆಲವೇ ದಿನಗಳಲ್ಲಿ ಹಿಂದೆಗೆಯಲ್ಪಟ್ಟು, ನ್ಯಾಯಾಲಯದ ಮಧ್ಯಪ್ರವೇಶದಿಂದ ಮತ್ತೆ ಜಾರಿಗೆ ಬಂದಿತು. 2010ರ ಮಾರ್ಚಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಗಳಿಗೂ ನಿಯಮಿತವಾದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ ದೊರೆಯಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ, ಹಗಲಿನಲ್ಲಿಯೂ ದಾರಿ ಮುಚ್ಚಿಹೋದೀತೆಂಬ ಕಳವಳದಿಂದ ವಯನಾಡಿನ ಜನ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಕುಳಿತರು. ಚಾಮರಾಜನಗರದ ಇನ್ನೊಂದು ಬಾಗಿಲಾದ, ದಿಂಬಂ ಘಾಟಿಯನ್ನಿಳಿದು ಸತ್ಯಮಂಗಲಕ್ಕೆ ಹೋಗುವ ದಾರಿಗೂ, 2022ರ ಫೆಬ್ರವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಆದೇಶದಿಂದ ರಾತ್ರಿಯ ನಿರ್ಬಂಧ ಬಂದಿತು.

ಈ ನಿಷೇಧ ಸರಿಯೇ ತಪ್ಪೇ ಎಂಬ ವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ. ಕಾಡಿನ ಮೂಕಪ್ರಾಣಿಗಳಿಗೆ ಒಂಬತ್ತು ಗಂಟೆಗಳ ನೆಮ್ಮದಿ ದೊರೆತುದು ಸಣ್ಣ ಮಾತಲ್ಲ. ಗುಂಡ್ಲುಪೇಟೆಯ ತರಕಾರಿಯನ್ನು ಕೇರಳಕ್ಕೆ ಸಾಗಿಸುವವರೂ, ಗಡಿಯಾಚೆಯ ಬಂಧುಗಳನ್ನು ಕಾಣಬೇಕಾದವರೂ ಪಡುವ ಕಷ್ಟವೂ ಸಣ್ಣದಲ್ಲ. ನಾವು ಹೇಳಬೇಕಾದುದು ಇಷ್ಟೆ. 1988ರ ಮೋಟಾರು ವಾಹನ ಕಾನೂನಿನಲ್ಲಿ 112ನೆಯ ಪ್ರಕರಣ ವೇಗಕ್ಕೆ ಮಿತಿ ಹಾಕುವ ಅಧಿಕಾರವನ್ನು ಕೊಡುತ್ತದೆ. 115ನೆಯ ಪ್ರಕರಣ ವಾಹನಗಳನ್ನು ತಡೆಯುವ ಅಧಿಕಾರವನ್ನು ಕೊಡುತ್ತದೆ. ಎರಡರ ನಡುವೆ ಇರುವುದು ಎರಡೇ ಪ್ರಕರಣಗಳು. ಮೊದಲನೆಯದು ನಮ್ಮ ವಿವೇಕವನ್ನು ನಂಬಿ ಮಾಡಿದ ಏರ್ಪಾಡು, ಎರಡನೆಯದು ಆ ನಂಬಿಕೆ ಸಾಲದೆಂದು ಕಂಡಾಗ ಮಾಡುವ ಏರ್ಪಾಡು. ಮದ್ದೂರಿನಿಂದ ಮೂಲೆಹೊಳೆಯವರೆಗಿನ ಕಾಡುದಾರಿ ಸುಮಾರು 20 ಕಿಲೋಮೀಟರು. 60ರ ಬದಲು 40ರಲ್ಲಿ ಹೋಗಿದ್ದರೆ ಆಗುತ್ತಿದ್ದ ತಡ ಹತ್ತು ನಿಮಿಷ. ಹತ್ತು ನಿಮಿಷವನ್ನು ಕೊಡಲೊಲ್ಲದೆ ನಾವು ಒಂಬತ್ತು ಗಂಟೆಗಳನ್ನು ಕಳೆದುಕೊಂಡೆವು. ನಿಷೇಧಕ್ಕೆ ಬೇರೆ ಕಾರಣಗಳೂ ಇದ್ದುವೆಂಬುದು ನಿಜ. ಕಾಡಿಗೆ ರಾತ್ರಿಯ ಮೌನವೇ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಮೆಲ್ಲಗೆ ಹೋಗುವವರೆಂಬ ಹೆಸರನ್ನು ನಾವು ಪಡೆದಿದ್ದರೆ ನಮ್ಮ ಪರವಾಗಿ ಹೇಳಿಕೊಳ್ಳುವುದಕ್ಕೆ ಒಂದು ಮಾತಾದರೂ ಉಳಿಯುತ್ತಿದ್ದಿತು.

ಈಗ ಆಕ್ಷೇಪಣೆಗಳಿಗೆ ಬರೋಣ. 'ನಲವತ್ತೇ ಏಕೆ? ನಲವತ್ತೊಂದರಲ್ಲಿ ಹೋದರೆ ಪ್ರಳಯವಾದೀತೆ?' ಎಂದು ಕೆಲವರು ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಈ ಪ್ರಶ್ನೆ ಹೊಸದಲ್ಲ. ಮೂವತ್ತೈದು ಅಂಕ ಬಂದವನು ಬುದ್ಧಿವಂತ, ಮೂವತ್ತನಾಲ್ಕು ಬಂದವನು ದಡ್ಡನೆ ಎಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಎಳೆದ ಗೆರೆ ಎಲ್ಲರಿಗೂ ಒಂದೇ ಆಗಿರಬೇಕು. ದಾರಿಯ ವಿಷಯದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಕಾರಣವುಂಟು. ರಸ್ತೆ ದಾಟುವ ಮುದುಕಿ ದೂರದಲ್ಲಿ ಬರುವ ಗಾಡಿಯನ್ನು ನೋಡಿ, ಅದು ಇಷ್ಟು ಹೊತ್ತಿಗೆ ಇಲ್ಲಿಗೆ ಬಂದೀತೆಂದು ಅಳೆದು ಹೆಜ್ಜೆ ಇಡುತ್ತಾಳೆ. ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಬಂದರೆ ಅವಳ ಅಳತೆ ತಪ್ಪುತ್ತದೆ.

ಮಿತಿ ಯುಕ್ತವಾಗಿರಬೇಕೆಂಬ ಆಕ್ಷೇಪಣೆಯನ್ನು ನಾವು ಒಪ್ಪತಕ್ಕದ್ದೇ. ಅಗಲವೂ ನೇರವೂ ಆದ ಬಯಲುದಾರಿಯಲ್ಲಿ ಅಕಾರಣವಾಗಿ ತೀರ ಸಣ್ಣ ಅಂಕೆಯನ್ನು ಬರೆದಿಟ್ಟರೆ ಯಾರೂ ಅದನ್ನು ಲಕ್ಷಿಸುವುದಿಲ್ಲ. ಅಲ್ಲಿ ಕಲಿತ ಉದಾಸೀನವನ್ನು ಶಾಲೆಯ ಮುಂದಿನ ಫಲಕಕ್ಕೂ ತೋರಿಸುತ್ತಾರೆ. ಬಣ್ಣವಿಲ್ಲದ, ಮುನ್ಸೂಚನೆಯಿಲ್ಲದ ಉಬ್ಬನ್ನು ದಾರಿಗೆ ಅಡ್ಡ ಹಾಕುವುದೂ ಹಾಗೆಯೇ. ಅಪಾಯವನ್ನು ತಡೆಯಲು ಹಾಕಿದ್ದೇ ಅಪಾಯವಾಗುತ್ತದೆ. ಆದರೆ ಯುಕ್ತವಾದ ಮಿತಿಯನ್ನು ದೃಢವಾಗಿ ಪಾಲಿಸಿದರೆ ಫಲ ಕಾಣುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯಲ್ಲಿ ಸಾವಿನ ಮೇಲೆ ಸಾವು ಒದಗಿದಾಗ, ಪೊಲೀಸರು 100ರ ಮಿತಿಯನ್ನು ವೇಗ ಅಳೆಯುವ ಯಂತ್ರಗಳ ಸಹಾಯದಿಂದ ಜಾರಿಗೆ ತಂದರು. ಅನಂತರದ ತಿಂಗಳುಗಳಲ್ಲಿ ಸಾವುಗಳು ಇಳಿದುವು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ಲಾರಿಯ ಚಾಲಕನದು. 'ಸ್ವಾಮಿ, ನಮಗೂ ಹೆಂಡತಿ ಮಕ್ಕಳಿದ್ದಾರೆ, ನಮಗೇನು ಸಾಯಬೇಕೆಂಬ ಆಸೆಯೆ? ಬೆಳಗಾಗುವುದರೊಳಗೆ ಸರಕು ಮುಟ್ಟದಿದ್ದರೆ ಯಜಮಾನರು ಬಾಡಿಗೆ ಮುರಿಯುತ್ತಾರೆ' ಎಂದು ಅವನು ಹೇಳಿದರೆ ನಮ್ಮಲ್ಲಿ ಯಾರು ಉತ್ತರ ಕೊಡಬಲ್ಲರು? ಅವನ ಕಾಲು ಒತ್ತುತ್ತಿರುವುದು ನಿಜವಾಗಿಯೂ ಅವನ ಕಾಲಲ್ಲ. ತರಕಾರಿ ಬಾಡದೆ ಬರಲೆಂದು ಬಯಸುವ ನಮ್ಮೆಲ್ಲರ ಕಾಲು ಅದು. ಕಾನೂನು ಮಾಡಿದವರು ಈ ಮಾತನ್ನು ಮರೆತಿಲ್ಲವೆಂಬುದನ್ನು ಕೆಲವರೇ ಬಲ್ಲರು. ಅದೇ ಕಾನೂನಿನ 183ನೆಯ ಪ್ರಕರಣ ಅತಿವೇಗದಿಂದ ಓಡಿಸಿದವನನ್ನು ಮಾತ್ರವಲ್ಲದೆ, ತನ್ನ ಕೆಲಸದವನಿಂದ ಹಾಗೆ ಓಡಿಸಿದ ಯಜಮಾನನನ್ನೂ ಶಿಕ್ಷೆಗೆ ಗುರಿಮಾಡುತ್ತದೆ. ಮಿತಿಯನ್ನು ಮೀರದೆ ಮುಗಿಸಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸುವುದೇ, ಇಷ್ಟು ಹೊತ್ತಿನೊಳಗೆ ಮುಟ್ಟಲೇಬೇಕೆಂದು ಅಪ್ಪಣೆ ಮಾಡುವುದೇ, ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಅದು ಹೇಳುತ್ತದೆ. ಚಾಲಕರನ್ನು ಹಿಡಿದು ದಂಡ ಹಾಕುವಷ್ಟು ಆಸಕ್ತಿಯಿಂದ ಈ ಮಾತನ್ನೂ ಉಪಯೋಗಿಸಿದರೆ ಎಷ್ಟೋ ಕಾಲುಗಳು ತಾವಾಗಿಯೇ ಹಗುರವಾದಾವು.

ನಮ್ಮಲ್ಲಿ ಅನೇಕರು ಸ್ವತಃ ಗಾಡಿ ನಡೆಸುವವರಲ್ಲ. ಬಾಡಿಗೆಯ ಕಾರಿನಲ್ಲಿ ಹಿಂದೆ ಕುಳಿತು ಹೋಗುವವರು. ನಮಗೂ ಇದರಲ್ಲಿ ಪಾಲುಂಟು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಗಾದೆ. ಆದರೆ ಆತುರ ಎಷ್ಟೋ ವೇಳೆ ಹಿಂದೆ ಕುಳಿತವನದು, ಅದರ ಫಲ ಎದುರಿಗೆ ಬಂದವನದು. ಮನೆಯಿಂದ ಕಾಲು ಗಂಟೆ ಮುಂಚಿತವಾಗಿ ಹೊರಡುವುದು, ತಡವಾಯಿತೆಂದು ಚಾಲಕನ ಮೇಲೆ ರೇಗದಿರುವುದು, ಊರೊಳಗೆ ಬಂದಾಗ 'ಸ್ವಲ್ಪ ನಿಧಾನವಾಗಿ ಹೋಗಪ್ಪ' ಎಂದು ಒಂದು ಮಾತು ಹೇಳುವುದು, ಇವು ಯಾವ ಸರ್ಕಾರದ ಅಪ್ಪಣೆಯೂ ಬೇಕಾಗದ ಕೆಲಸಗಳು. ಇಷ್ಟನ್ನು ನಾವು ಮಾಡಿದರೆ ಕೆಂಪು ಬಳೆಯ ಅಂಕೆ ನಮಗೆ ಹೊರಗಿನಿಂದ ಬಂದ ಅಡ್ಡಿಯಾಗಿ ತೋರುವುದಿಲ್ಲ. ಮಾಡದಿದ್ದರೆ, ಇಂದು ಫಲಕ ನಿಂತಿರುವ ಕಡೆಗಳಲ್ಲಿ ನಾಳೆ ಗೇಟು ನಿಂತೀತು; ಆಗ ಅದನ್ನು ತಂದವರು ಯಾರೆಂದು ದೂರುವ ಹಕ್ಕು ನಮಗಿರುವುದಿಲ್ಲ.